ಖಾಲಿತ್ಯವೂ ಅದರ ಔಷಧಗಳೂ

ಪ್ರಾಣವನ್ನು ತೆಗೆಯದೆ, ನೋವನ್ನೂ ಉಂಟುಮಾಡದೆ, ಆದರೂ ಮನುಷ್ಯನ ಮನಸ್ಸನ್ನು ಬಹುವಾಗಿ ಕದಡುವ ವ್ಯಾಧಿಯೊಂದುಂಟು. ತಲೆಯ ಕೂದಲು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ ಬಂದು, ಹಣೆಯು ಮೇಲೇರಿ, ನಡುನೆತ್ತಿಯು ಬಯಲಾಗುವುದೇ ಆ ವ್ಯಾಧಿ. ನಮ್ಮ ಆಯುರ್ವೇದಾಚಾರ್ಯರು ಇದನ್ನು ಖಾಲಿತ್ಯವೆಂದೂ ಖಲತಿಯೆಂದೂ ಕರೆದರು. ಜನರು ಬೋಳುತಲೆ, ಬೊಕ್ಕತಲೆ ಎನ್ನುವರು. ಇದರ ಚಿಕಿತ್ಸೆಯ ಚರಿತ್ರೆಯು ಮೂರೂವರೆ ಸಾವಿರ ವರ್ಷಗಳಷ್ಟು ಉದ್ದವಾದುದು. ಅದನ್ನು ಆದ್ಯಂತವಾಗಿ ನೋಡಿದವರಿಗೆ ಎರಡು ಸಂಗತಿಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಈ ವ್ಯಾಧಿಗೆಂದೇ ಹುಡುಕಿದ ಅಸಂಖ್ಯಾತ ಮದ್ದುಗಳು ನಿಷ್ಫಲವಾಗಿ, ಬೇರೆ ವ್ಯಾಧಿಗಳಿಗೆಂದು ಲೋಕಕ್ಕೆ ಬಂದ ಒಂದೆರಡು ಮದ್ದುಗಳು ಇಲ್ಲಿ ಫಲಕೊಟ್ಟವೆಂಬುದು ಮೊದಲನೆಯದು. ಮದ್ದಿನ ಗುಣವು ಬೇಗನೆ ಊರೆಲ್ಲ ಹಬ್ಬಿದರೆ, ಅದರ ದೋಷವು ಪೂರ್ಣವಾಗಿ ಬರಹಕ್ಕೆ ಬರಲು ಎಷ್ಟೋ ವರ್ಷಗಳು ಹಿಡಿದವೆಂಬುದು ಎರಡನೆಯದು. ಈ ಎರಡನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ನಮ್ಮ ಶಾಸ್ತ್ರಗಳನ್ನು ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಈ ವ್ಯಾಧಿಯು ಕ್ಷುದ್ರರೋಗಗಳ ಸಾಲಿನಲ್ಲಿ ಎಣಿಸಲ್ಪಟ್ಟಿದೆ. ರೋಮಕೂಪಗಳನ್ನು ಸೇರಿದ ಪಿತ್ತವು ವಾತದೊಡನೆ ಕೂಡಿ ಕೂದಲನ್ನು ಉದುರಿಸುವುದೆಂದೂ, ತರುವಾಯ ರಕ್ತದೊಡಗೂಡಿದ ಕಫವು ಆ ಕೂಪಗಳನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲವೆಂದೂ ಅಲ್ಲಿ ಹೇಳಿದೆ. ಸುಶ್ರುತನು ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳನ್ನು ಒಂದೇ ವ್ಯಾಧಿಗೆ ಬಳಸಿದನು. ವಾಗ್ಭಟನಾದರೋ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಎರಡನ್ನೂ ಬೇರ್ಪಡಿಸಿ, ಇಂದ್ರಲುಪ್ತದಲ್ಲಿ ಕೂದಲು ಒಮ್ಮೆಲೇ ಉದುರುವುದೆಂದೂ ಖಲತಿಯಲ್ಲಿ ಕ್ರಮಕ್ರಮವಾಗಿ ಉದುರುವುದೆಂದೂ ತಿಳಿಸಿದನು. ಈ ವಿವೇಚನೆಯು ಬಹು ಮುಖ್ಯವಾದುದು. ತಲೆಯ ಮೇಲೆ ನಾಣ್ಯದಷ್ಟಗಲ ಕೂದಲು ತಟ್ಟನೆ ಉದುರುವುದು ಒಂದು ವ್ಯಾಧಿ, ನಿಯತವಾದ ಆಕಾರದಲ್ಲಿ ನಿಧಾನವಾಗಿ ಬೋಳಾಗುವುದು ಇನ್ನೊಂದು ವ್ಯಾಧಿ ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಮೂರು ದೋಷಗಳೂ ಕೂಡಿ ಉಂಟಾದ ಖಲತಿಯು ಅಸಾಧ್ಯವೆಂದು ವಾಗ್ಭಟನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿರುವುದೂ ಗಮನಾರ್ಹವಾಗಿದೆ.

ಹಳೆಯ ವ್ಯಾಖ್ಯಾನಕಾರರು ವಿದೇಹನೆಂಬ ಆಚಾರ್ಯನ ಮತವೊಂದನ್ನು ಉದ್ಧರಿಸುವರು. ಸ್ತ್ರೀಯರು ಸುಕುಮಾರಶರೀರರಾದುದರಿಂದಲೂ, ಮಾಸಿಕ ರಜಃಸ್ರಾವದಿಂದ ಅವರ ರಕ್ತವು ಶುದ್ಧವಾಗುವುದರಿಂದಲೂ ಅವರಿಗೆ ಖಲತಿಯು ಬಾರದೆಂಬುದು ಅವನ ಅಭಿಪ್ರಾಯವು. ಇದು ಪೂರ್ಣವಾಗಿ ಸತ್ಯವಲ್ಲ. ಸ್ತ್ರೀಯರಿಗೂ, ವಿಶೇಷವಾಗಿ ಮುಟ್ಟು ನಿಂತ ತರುವಾಯ, ನಡುನೆತ್ತಿಯ ಕೂದಲು ತೆಳುವಾಗುವುದುಂಟು. ಆದರೂ ಪುರುಷರ ಬೋಳಿಗೂ ಸ್ತ್ರೀಯರ ಕೂದಲಿಗೂ ಇರುವ ಅಂತರವನ್ನು ಕಂಡು, ಅದರ ಕಾರಣವನ್ನು ದೇಹದೊಳಗಿನ ಸ್ತ್ರೀಪುರುಷಭೇದದಲ್ಲಿಯೇ ಹುಡುಕಬೇಕೆಂದು ಊಹಿಸಿದ್ದು ಅಲ್ಪವಾದ ಬುದ್ಧಿಯಲ್ಲ. ಕಾರಣವು ತಪ್ಪಿರಬಹುದು, ದಿಕ್ಕು ಸರಿಯಾಗಿದ್ದಿತು.

ಇನ್ನು ಚಿಕಿತ್ಸೆ. ರೋಗಿಗೆ ಸ್ನೇಹಸ್ವೇದಗಳನ್ನು ಮಾಡಿಸಿ, ತಲೆಯ ಸಿರೆಯಿಂದ ರಕ್ತವನ್ನು ತೆಗೆದು, ಮೆಣಸು, ಮನಶ್ಶಿಲೆ, ಕಾಸೀಸ, ತುತ್ಥಗಳ ಕಲ್ಕವನ್ನು ಲೇಪಿಸಬೇಕೆಂದು ಸುಶ್ರುತನು ವಿಧಿಸುವನು. ಚರ್ಮವನ್ನು ಗೀರಿ ಗುಲಗಂಜಿಯ ಕಲ್ಕವನ್ನು ಮತ್ತೆ ಮತ್ತೆ ಹಚ್ಚುವುದು ಇನ್ನೊಂದು ಕ್ರಮ. ಆನೆಯ ದಂತವನ್ನು ಸುಟ್ಟ ಮಸಿಯನ್ನು ರಸಾಂಜನದೊಡನೆ ಹಚ್ಚಿದರೆ ಅಂಗೈಯಲ್ಲಿಯೂ ಕೂದಲು ಬೆಳೆಯುವುದೆಂಬ ಪ್ರಶಂಸೆಯೂ ಉಂಟು. ನಮ್ಮ ಹಿತ್ತಿಲಿನ ಗರುಗದ ಸೊಪ್ಪು, ಎಂದರೆ ಭೃಂಗರಾಜವು, ಎಣ್ಣೆಗಳಲ್ಲಿ ಸೇರಿ ಇಂದಿಗೂ ಮನೆಮನೆಯಲ್ಲಿ ಉಳಿದುಬಂದಿದೆ. ನಮ್ಮದೆಂಬ ಅಭಿಮಾನದಿಂದ ಇವೆಲ್ಲವೂ ನಿರಪಾಯಕರವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಮನಶ್ಶಿಲೆಯು ಪಾಷಾಣದ ಸಂಯುಕ್ತ, ತುತ್ಥವು ತಾಮ್ರದ ಲವಣ, ಗುಲಗಂಜಿಯ ಬೀಜವು ಪ್ರಸಿದ್ಧವಾದ ವಿಷ. ಗೀರಿದ ಚರ್ಮದ ಮೇಲೆ ಇವನ್ನು ಹಚ್ಚುವುದು ಆಟದ ಮಾತಲ್ಲ.

ಆದರೆ ನಮ್ಮ ಶಾಸ್ತ್ರವು ಮದ್ದನ್ನು ಮಾತ್ರವೇ ಅಲ್ಲ, ಮದ್ದನ್ನು ಅಳೆಯುವ ಕೋಲನ್ನೂ ಕೊಟ್ಟಿದೆ. ಒಂದು ವ್ಯಾಧಿಯನ್ನು ಶಮನಮಾಡಿ ಇನ್ನೊಂದು ವ್ಯಾಧಿಯನ್ನು ಎಬ್ಬಿಸುವ ಪ್ರಯೋಗವು ಶುದ್ಧವಾದುದಲ್ಲ. ಇದ್ದುದನ್ನು ಅಡಗಿಸಿ ಹೊಸದನ್ನು ಕೆರಳಿಸದಿರುವುದೇ ಶುದ್ಧವಾದ ಚಿಕಿತ್ಸೆ ಎಂಬ ಅರ್ಥದ ಮಾತು ಚರಕಸಂಹಿತೆಯ ನಿದಾನಸ್ಥಾನದಲ್ಲಿ ಬಂದಿದೆ. ಈ ಕೋಲನ್ನು ಕೈಯಲ್ಲಿ ಹಿಡಿದೇ ನಾವು ಮುಂದಿನ ಚರಿತ್ರೆಯನ್ನು ನೋಡಬೇಕು.

ಐಗುಪ್ತದೇಶದಲ್ಲಿ ಕ್ರಿ. ಪೂ. ೧೫೫೦ರ ಸುಮಾರಿಗೆ ಬರೆದ, ಎಬರ್ಸ್ ಎಂಬ ಜರ್ಮನ್ ಪಂಡಿತನ ಹೆಸರಿನಿಂದ ಪ್ರಸಿದ್ಧವಾದ ವೈದ್ಯಗ್ರಂಥದಲ್ಲಿ ಬೋಳುತಲೆಗೆ ಹಲವು ಯೋಗಗಳಿವೆ. ಸಿಂಹ, ನೀರ್ಗುದುರೆ, ಮೊಸಳೆ, ಬೆಕ್ಕು, ಹಾವು, ಕಾಡುಮೇಕೆ ಇವುಗಳ ಕೊಬ್ಬನ್ನು ಬೆರಸಿ ತಲೆಗೆ ಹಚ್ಚುವುದು ಅವುಗಳಲ್ಲೊಂದು. ಗ್ರೀಕರಲ್ಲಿ ಹಿಪ್ಪೋಕ್ರೇಟಿಸನ ಹೆಸರಿನ ಸೂತ್ರಗ್ರಂಥವು ಮದ್ದಿಗಿಂತ ಬೆಲೆಯುಳ್ಳ ಒಂದು ಅವಲೋಕನವನ್ನು ಉಳಿಸಿಕೊಟ್ಟಿತು: ಷಂಡರಿಗೆ ವಾತರಕ್ತವೂ ಬಾರದು, ಬೋಳುತಲೆಯೂ ಬಾರದು ಎಂಬುದೇ ಅದು. ಬಾಲಕರೂ ಸ್ತ್ರೀಯರೂ ಷಂಡರೂ ಬೋಳಾಗುವುದಿಲ್ಲವೆಂದು ಅರಿಸ್ಟಾಟಲನೂ ಬರೆದನು. ಪೌರುಷಕ್ಕೂ ಬೋಳಿಗೂ ಯಾವುದೋ ಒಂದು ನಂಟುಂಟೆಂಬುದು ಹೀಗೆ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರಹಕ್ಕೆ ಬಂದಿತು. ಆ ನಂಟು ಯಾವುದೆಂಬುದನ್ನು ತೋರಿಸುವ ಸಾಧನವು ಮಾತ್ರ ಯಾರಲ್ಲಿಯೂ ಇರಲಿಲ್ಲ.

ತಿಳಿವಳಿಕೆ ನಿಂತಲ್ಲಿ ವ್ಯಾಪಾರವು ಬೆಳೆಯಿತು. ರೋಮಿನ ಜೂಲಿಯಸ್ ಸೀಸರನು ಹಿಂದಿನ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನೆಂದೂ, ತನಗೆ ಸಂದ ಗೌರವಗಳಲ್ಲಿ ಯಾವಾಗಲೂ ಪರ್ಣಕಿರೀಟವನ್ನು ಧರಿಸುವ ಹಕ್ಕೇ ಅವನಿಗೆ ಅತಿಪ್ರಿಯವಾಗಿದ್ದಿತೆಂದೂ ಸ್ವೆಟೋನಿಯಸನು ಬರೆದಿರುವನು. ಚಕ್ರವರ್ತಿಸಮಾನನಿಗೇ ಇಂತಹ ಸಂಕೋಚವಿದ್ದಲ್ಲಿ ಸಾಮಾನ್ಯರ ಪಾಡೇನು? ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ ನಗರದ ರೋಲೆಂಡರ ಮಕಾಸರ್ ತೈಲವು ಎಷ್ಟು ಬಳಕೆಗೆ ಬಂದಿತೆಂದರೆ, ಕುರ್ಚಿಗಳ ಬೆನ್ನಿಗೆ ಜಿಡ್ಡು ಹತ್ತದಂತೆ ಹೊದಿಸುವ ಬಟ್ಟೆಗೆ ಆ ತೈಲದ ಹೆಸರಿನಿಂದಲೇ ಒಂದು ಇಂಗ್ಲಿಷ್ ಶಬ್ದವು ಹುಟ್ಟಿತು. ಅದೇ ಶತಮಾನದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯ ಸದರ್ಲೆಂಡ್ ಮನೆತನದ ಏಳು ಮಂದಿ ಅಕ್ಕತಂಗಿಯರು ತಮ್ಮ ನೀಳವಾದ ಜಡೆಗಳನ್ನು ಜನರಿಗೆ ತೋರಿಸಿ ಕೇಶವರ್ಧಕವನ್ನು ಮಾರಿ ಐಶ್ವರ್ಯವಂತರಾದರು. ಹುಟ್ಟಿನಿಂದ ಬಂದ ಕೂದಲನ್ನು ಸೀಸೆಯಿಂದ ಬಂದುದೆಂದು ತೋರಿಸುವ ಆ ಜಾಣತನವು ಇಂದಿಗೂ ಬಳಕೆಯಲ್ಲಿಲ್ಲದೆ ಇಲ್ಲ. ಇಂತಹ ಎಣ್ಣೆಗಳಿಂದ ಹಾನಿಯಾದದ್ದು ಹೆಚ್ಚಾಗಿ ಜೇಬಿಗೆ. ೧೯೮೯ರಲ್ಲಿ ಅಮೆರಿಕದ ಔಷಧಾಡಳಿತವು, ವೈದ್ಯರ ಚೀಟಿಯಿಲ್ಲದೆ ಮಾರುವ ಕೇಶವರ್ಧಕಗಳಲ್ಲಿ ಒಂದರ ಫಲವೂ ಸಿದ್ಧಪಟ್ಟಿಲ್ಲವೆಂದು ಹೇಳಿ ಅವುಗಳ ಮಾರಾಟವನ್ನು ನಿಷೇಧಿಸಿತು.

ಹಿಪ್ಪೋಕ್ರೇಟಿಸನ ಸೂತ್ರಕ್ಕೆ ಭಾಷ್ಯವು ದೊರೆತದ್ದು ೧೯೪೨ರಲ್ಲಿ. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅಂಗರಚನಾಶಾಸ್ತ್ರಜ್ಞನು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ವೃಷಣಗಳನ್ನು ಕಳೆದುಕೊಂಡ ಅಥವಾ ಅವು ಸರಿಯಾಗಿ ಬೆಳೆಯದ ೧೦೪ ಮಂದಿ ಪುರುಷರ ವಿಚಾರವನ್ನು ನಿರೂಪಿಸಿದನು. ಪ್ರಾಯಕ್ಕೆ ಮೊದಲೇ ವೃಷಣಹೀನರಾದವರು ಬೋಳಾಗಲಿಲ್ಲ. ಅಂತಹವರಿಗೆ ಪುರುಷಹಾರ್ಮೋನಾದ ಟೆಸ್ಟಾಸ್ಟಿರೋನನ್ನು ಕೊಟ್ಟಾಗ, ಮನೆತನದಲ್ಲಿ ಬೋಳುತಲೆಯಿದ್ದವರ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಉದುರುವಿಕೆಯು ಮುಂದುವರಿಯಲಿಲ್ಲ, ಹೋದ ಕೂದಲು ಮಾತ್ರ ಹಿಂದಿರುಗಲಿಲ್ಲ. ಬೋಳಾಗುವುದಕ್ಕೆ ಎರಡು ಕಾರಣಗಳು ಕೂಡಬೇಕೆಂಬುದು ಇದರಿಂದ ಸಿದ್ಧವಾಯಿತು: ವಂಶದಿಂದ ಬಂದ ಬೀಜವೊಂದು, ಅದನ್ನು ಮೊಳೆಯಿಸುವ ಪುರುಷಹಾರ್ಮೋನು ಮತ್ತೊಂದು. ಟೊಪ್ಪಿಗೆ ಹಾಕಿದ್ದರಿಂದ, ಉಪ್ಪುನೀರಿನಿಂದ, ಹೆಚ್ಚು ಓದಿದ್ದರಿಂದ ತಲೆಯು ಬೋಳಾಯಿತೆಂಬ ಮಾತುಗಳಿಗೆ ಅಂದಿಗೇ ಆಧಾರವು ತಪ್ಪಿತು.

ವೃಷಣವನ್ನು ತೆಗೆದರೆ ಬೋಳು ಬಾರದೆಂಬುದು ಜ್ಞಾನವೇ ಹೊರತು ಚಿಕಿತ್ಸೆಯಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರುಂಟೆ? ಆದರೆ ಈ ಜ್ಞಾನದೊಳಗೆ ಒಂದು ಎಚ್ಚರಿಕೆಯೂ ಅಡಗಿದ್ದಿತು. ಕೂದಲನ್ನು ಉದುರಿಸುವ ಶಕ್ತಿಯೂ ಪುರುಷನ ಕಾಮ, ಸಂತಾನ, ಉತ್ಸಾಹಗಳಿಗೆ ಆಶ್ರಯವಾದ ಶಕ್ತಿಯೂ ಒಂದೇ ಬೇರಿನಿಂದ ಬಂದವಾದರೆ, ಒಂದನ್ನು ಕತ್ತರಿಸುವಾಗ ಇನ್ನೊಂದಕ್ಕೆ ಏಟು ಬೀಳುವ ಸಂಭವವು ಸಹಜವಾಗಿಯೇ ಉಂಟು. ಮುಂದಿನ ಔಷಧಗಳ ಚರಿತ್ರೆಯಲ್ಲಿ ಈ ಎಚ್ಚರಿಕೆಯು ಮತ್ತೆ ಬರುವುದನ್ನು ವಾಚಕರು ಕಾಣುವರು.

ಫಲಕಾರಿಯಾದ ಮೊದಲನೆಯ ಔಷಧವು ಮಿನಾಕ್ಸಿಡಿಲ್. ಇದು ಹಾರ್ಮೋನಿನ ದಾರಿಯಿಂದ ಬಂದುದಲ್ಲ. ಮಿಶಿಗನ್ ಸಂಸ್ಥಾನದ ಕಲಮಜೂ ನಗರದ ಅಪ್‌ಜಾನ್ ಎಂಬ ಔಷಧಸಂಸ್ಥೆಯವರು ಜಠರದ ಹುಣ್ಣಿಗೆ ಮದ್ದನ್ನು ಹುಡುಕುತ್ತಿರುವಾಗ, ರಕ್ತನಾಳಗಳನ್ನು ಹಿಗ್ಗಿಸುವ ದ್ರವ್ಯಗಳು ಅವರ ಕೈಗೆ ಸಿಕ್ಕಿದವು. ಅವುಗಳಿಂದ ಬೆಳೆದುಬಂದ ಮಿನಾಕ್ಸಿಡಿಲ್ ಗುಳಿಗೆಗೆ, ಬೇರೆ ಯಾವ ಮದ್ದಿಗೂ ಬಗ್ಗದ ರಕ್ತದ ಒತ್ತಡಕ್ಕಾಗಿ, ೧೯೭೯ರಲ್ಲಿ ಅಮೆರಿಕದಲ್ಲಿ ಅನುಮತಿಯು ದೊರೆಯಿತು. ಇದನ್ನು ಸೇವಿಸಿದ ರೋಗಿಗಳ ಹಣೆಯ ಮೇಲೆ, ಕೆನ್ನೆಯ ಮೇಲೆ, ತೋಳುಗಳ ಮೇಲೆ ಕೂದಲು ಬೆಳೆಯತೊಡಗಿದುದು ಪರೀಕ್ಷೆಯ ಕಾಲದಲ್ಲಿಯೇ ಕಂಡುಬಂದಿತು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿದ್ದ ಚರ್ಮವೈದ್ಯ ಗುಂಟರ್ ಕಾನ್ ಮತ್ತು ಅವನ ಸಹೋದ್ಯೋಗಿ ಪಾಲ್ ಗ್ರಾಂಟ್ ೧೯೭೦ರ ದಶಕದ ಆದಿಯಲ್ಲಿ ಈ ದ್ರವ್ಯವನ್ನು ತಮ್ಮ ಚರ್ಮದ ಮೇಲೆಯೇ ಹಚ್ಚಿ ನೋಡಿದರು. ಅದರ ಸ್ವಾಮ್ಯದ ವಿಚಾರದಲ್ಲಿ ವೈದ್ಯರಿಗೂ ಸಂಸ್ಥೆಗೂ ದೀರ್ಘವಾದ ವ್ಯಾಜ್ಯವೂ ನಡೆಯಿತು. ಕಟ್ಟಕಡೆಗೆ ೧೯೮೮ರಲ್ಲಿ, ನೂರಕ್ಕೆ ೨ರ ಪ್ರಮಾಣದ ಲೇಪನದ್ರವಕ್ಕೆ, ಪುರುಷರ ಬೋಳುತಲೆಯ ಚಿಕಿತ್ಸೆಗಾಗಿ ಅನುಮತಿಯಾಯಿತು. ೧೯೯೧ರಲ್ಲಿ ಸ್ತ್ರೀಯರಿಗೂ ಅದು ವಿಸ್ತರಿಸಿತು. ರಕ್ತದ ಒತ್ತಡದ ರೋಗಿಗೆ ಯಾವುದು ಅಡ್ಡಪರಿಣಾಮವಾಗಿದ್ದಿತೋ ಅದೇ ಬೋಳುತಲೆಯವನಿಗೆ ಔಷಧಗುಣವಾಯಿತು.

ಇದು ಕೆಲಸಮಾಡುವ ಬಗೆಯನ್ನು ತಿಳಿಯಬೇಕಾದರೆ ಕೂದಲಿನ ಬಾಳನ್ನು ತಿಳಿಯಬೇಕು. ತಲೆಯ ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಅದೇ ಕೂಪದಿಂದ ಮತ್ತೆ ಹುಟ್ಟುತ್ತದೆ. ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ಖಾಲಿತ್ಯದಲ್ಲಿ ಈ ಬೆಳೆಯುವ ಕಾಲವು ಸುತ್ತಿನಿಂದ ಸುತ್ತಿಗೆ ಕುಗ್ಗುತ್ತ, ಕೂಪವು ಕಿರಿದಾಗುತ್ತ, ದಪ್ಪನೆಯ ಕೂದಲು ಇದ್ದಲ್ಲಿ ಎಳೆಗೂಸಿನ ಮೈಯ ನವುರಿನಂತಹುದು ಉಳಿಯುತ್ತದೆ. ಮಿನಾಕ್ಸಿಡಿಲ್ ಆ ಬೆಳೆಯುವ ಕಾಲವನ್ನು ನೀಳಗೊಳಿಸುತ್ತದೆ; ಕುಗ್ಗಿಸುವ ಕಾರಣವನ್ನು ಮಾತ್ರ ಮುಟ್ಟುವುದಿಲ್ಲ. ಆದಕಾರಣ ಹಚ್ಚುವುದನ್ನು ಬಿಟ್ಟ ಕೆಲವು ತಿಂಗಳುಗಳಲ್ಲಿಯೇ ಗಳಿಸಿದ ಕೂದಲು ಕಳೆದುಹೋಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಉದುರುವಿಕೆಯು ಹೆಚ್ಚುವುದೂ ಉಂಟು. ನೆತ್ತಿಯ ನವೆ, ಉರಿ, ಹೊಟ್ಟು, ಮುಖದ ಮೇಲೆ ಬೇಡದ ಕೂದಲು ಇವು ಸಾಮಾನ್ಯ; ಎದೆಬಡಿತ, ತಲೆಸುತ್ತು, ಕಾಲೂತ ಇವು ವಿರಳ. ಗುಳಿಗೆಯ ರೂಪದಲ್ಲಿ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ದೇಹದಲ್ಲಿ ನೀರು ನಿಲ್ಲುವುದು, ಹೃದಯದ ಸುತ್ತಲಿನ ಕೋಶದಲ್ಲಿ ದ್ರವವು ತುಂಬುವುದು ಮೊದಲಾದ ಅಪಾಯಗಳುಂಟೆಂದು ಅದರ ಪತ್ರದಲ್ಲಿಯೇ ಎಚ್ಚರಿಕೆಯನ್ನು ಮುದ್ರಿಸಿರುವರು. ಈಚಿನ ವರ್ಷಗಳಲ್ಲಿ ಅಲ್ಪಪ್ರಮಾಣದ ಅದೇ ಗುಳಿಗೆಯನ್ನು ಕೂದಲಿಗಾಗಿ ಕೊಡುವ ವಾಡಿಕೆಯು ಹೆಚ್ಚಿರುವುದರಿಂದ ಈ ಎಚ್ಚರಿಕೆಯು ಹಳತಾಗಿಲ್ಲ.

ಒಬ್ಬನ ತಲೆಗೆ ಹಚ್ಚಿದ ಮದ್ದು ಅವನೊಬ್ಬನಿಗೇ ಸಂಬಂಧಪಟ್ಟುದೆಂದೂ ತಿಳಿಯಬಾರದು. ೨೦೧೯ರಲ್ಲಿ ಸ್ಪೇನ್ ದೇಶದಲ್ಲಿ ಮಿನಾಕ್ಸಿಡಿಲ್ ಪುಡಿಗೆ ಜಠರಾಮ್ಲದ ಔಷಧದ ಹೆಸರಿನ ಚೀಟಿಯು ತಪ್ಪಾಗಿ ಅಂಟಿದ್ದರಿಂದ, ಆ ಪುಡಿಯಿಂದ ಮಾಡಿದ ಪಾನಕವನ್ನು ಕುಡಿದ ಹತ್ತಕ್ಕೂ ಹೆಚ್ಚು ಹಸುಗೂಸುಗಳ ಮೈಮೇಲೆಲ್ಲ ಕೂದಲು ಬೆಳೆಯಿತು. ೨೦೨೪ರಲ್ಲಿ ಯೂರೋಪಿನ ಔಷಧಸುರಕ್ಷಾ ಸಮಿತಿಯು, ತಂದೆಯೋ ಪೋಷಕರೋ ತಮ್ಮ ತಲೆಗೆ ಹಚ್ಚಿಕೊಂಡ ಈ ದ್ರವವು ಸೋಂಕಿ ಕೂಸುಗಳಲ್ಲಿ ಅತಿಯಾದ ಕೂದಲು ಬೆಳೆದ ಪ್ರಸಂಗಗಳನ್ನು ಪರಿಶೀಲಿಸಿ, ಹಚ್ಚಿಕೊಂಡ ಸ್ಥಳವನ್ನು ಕೂಸುಗಳು ಮುಟ್ಟದಂತೆ ನೋಡಿಕೊಳ್ಳಬೇಕೆಂದು ತಿಳಿಸಿತು. ಸಾಕಿದ ಬೆಕ್ಕುಗಳಿಗೆ ಇದು ಅತ್ಯಲ್ಪ ಪ್ರಮಾಣದಲ್ಲಿಯೂ ವಿಷವಾಗಬಲ್ಲುದು. ಕೂಸುಗಳಿರುವ ಮನೆಯವರು ಈ ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು.

ಎರಡನೆಯ ಔಷಧದ ಕಥೆಯು ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಆರಂಭವಾಗುತ್ತದೆ. ಅಲ್ಲಿಯ ನೈಋತ್ಯಭಾಗದ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹೆಣ್ಣೆಂಬಂತೆ ಹುಟ್ಟಿ ಬೆಳೆದು, ಪ್ರಾಯಕಾಲದಲ್ಲಿ ಗಂಡಾಗುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯವಿದುಷಿಯೂ ಆಕೆಯ ಸಂಗಡಿಗರೂ ಇವರನ್ನು ಪರೀಕ್ಷಿಸಿ ೧೯೭೪ರಲ್ಲಿ ಪ್ರಕಟಿಸಿದ ವಿಷಯವಿದು: ಟೆಸ್ಟಾಸ್ಟಿರೋನನ್ನು ಅದಕ್ಕಿಂತ ಪ್ರಬಲವಾದ ಡೈಹೈಡ್ರೊಟೆಸ್ಟಾಸ್ಟಿರೋನಾಗಿ ಮಾರ್ಪಡಿಸುವ ಕಿಣ್ವವೊಂದು ಇವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿದೆ. ದೊಡ್ಡವರಾದ ಮೇಲೂ ಇವರ ಪ್ರಾಸ್ಟೇಟ್ ಗ್ರಂಥಿಯು ಚಿಕ್ಕದಾಗಿಯೇ ಇರುವುದೆಂದೂ, ಇವರ ತಲೆಯು ಬೋಳಾಗುವುದಿಲ್ಲವೆಂದೂ ಕಂಡುಬಂದಿತು. ಹಿಪ್ಪೋಕ್ರೇಟಿಸನು ಷಂಡರಲ್ಲಿ ಕಂಡುದು ಇಲ್ಲಿ ವೃಷಣಗಳುಳ್ಳವರಲ್ಲಿಯೇ ಕಂಡಿತು. ಎಂದರೆ ಬೋಳಿಗೆ ಮೂಲವು ಟೆಸ್ಟಾಸ್ಟಿರೋನಿಗಿಂತ ಹೆಚ್ಚಾಗಿ ಅದರ ಈ ಪ್ರಬಲವಾದ ರೂಪವೆಂಬುದು ಬೆಳಕಿಗೆ ಬಂದಿತು.

ಅಮೆರಿಕದ ಮರ್ಕ್ ಸಂಸ್ಥೆಯವರು ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಔಷಧವನ್ನು ಮಾಡಿದರು. ೧೯೯೨ರಲ್ಲಿ ೫ ಮಿಲಿಗ್ರಾಮಿನ ಗುಳಿಗೆಗೆ ವೃದ್ಧರ ಪ್ರಾಸ್ಟೇಟ್ ಊತಕ್ಕಾಗಿಯೂ, ೧೯೯೭ರಲ್ಲಿ ೧ ಮಿಲಿಗ್ರಾಮಿನ ಗುಳಿಗೆಗೆ ಪುರುಷರ ಬೋಳುತಲೆಗಾಗಿಯೂ ಅನುಮತಿಯಾಯಿತು. ಇದು ರಕ್ತದಲ್ಲಿಯ ಡೈಹೈಡ್ರೊಟೆಸ್ಟಾಸ್ಟಿರೋನನ್ನು ನೂರಕ್ಕೆ ೭೦ರಷ್ಟು ಇಳಿಸುತ್ತದೆ. ಎರಡು ವರ್ಷಗಳ ಪರೀಕ್ಷೆಯಲ್ಲಿ, ಔಷಧವನ್ನು ಸೇವಿಸಿದವರ ಪೈಕಿ ನೂರಕ್ಕೆ ೮೩ ಮಂದಿಯ ನಡುನೆತ್ತಿಯ ಕೂದಲಿನ ಎಣಿಕೆಯು ಮೊದಲಿಗಿಂತ ಕಡಮೆಯಾಗಲಿಲ್ಲ. ಔಷಧಾಂಶವಿಲ್ಲದ ಹುಸಿಗುಳಿಗೆಯನ್ನು ನುಂಗಿದವರಲ್ಲಿ ಅಂತಹವರು ನೂರಕ್ಕೆ ೨೮ ಮಂದಿ ಮಾತ್ರ. ಮೂರು ಸಾವಿರ ವರ್ಷಗಳಲ್ಲಿ ಯಾವ ಮದ್ದೂ ತೋರಿಸದ ಫಲವಿದು, ಇದನ್ನು ಅಲ್ಲಗಳೆಯಲಾಗದು. ಆದರೆ ಇದೂ ನಿತ್ಯಸೇವನೆಯ ಔಷಧವೇ; ಬಿಟ್ಟ ಒಂದು ವರ್ಷದೊಳಗೆ ಗಳಿಸಿದುದು ಹೋಗುತ್ತದೆ.

ಈಗ ಬೆಲೆಯ ವಿಚಾರ. ಆರಂಭದ ಪರೀಕ್ಷೆಗಳಲ್ಲಿ ಕಾಮೇಚ್ಛೆಯು ಕುಗ್ಗುವುದು, ಲಿಂಗವು ಸ್ತಬ್ಧವಾಗದಿರುವುದು, ವೀರ್ಯದ ಪ್ರಮಾಣವು ಇಳಿಯುವುದು ಇವುಗಳಲ್ಲಿ ಒಂದಾದರೂ ತೋರಿದವರು ಔಷಧ ಸೇವಿಸಿದವರಲ್ಲಿ ನೂರಕ್ಕೆ ೩.೮, ಹುಸಿಗುಳಿಗೆಯವರಲ್ಲಿ ೨.೧. ಗುಳಿಗೆಯನ್ನು ಬಿಟ್ಟರೆ ಇವು ಹೋಗುವುವೆಂದು ಪತ್ರದಲ್ಲಿ ಬರೆಯಲಾಗಿದ್ದಿತು. ಆದರೆ ಬಿಟ್ಟ ಮೇಲೂ ತಮಗೆ ಹೋಗಲಿಲ್ಲವೆಂದು ಹೇಳುವ ಯುವಕರು ದೇಶದೇಶಗಳಲ್ಲಿ ಕಾಣಿಸಿಕೊಂಡರು. ಸ್ವೀಡನ್ ದೇಶವು ೨೦೦೮ರಲ್ಲಿ ಈ ಸಂಭವವನ್ನು ಔಷಧದ ಪತ್ರದಲ್ಲಿ ಸೇರಿಸಿತು. ಅಮೆರಿಕವು ೨೦೧೧ ಮತ್ತು ೨೦೧೨ರಲ್ಲಿ ಸೇರಿಸಿತು. ಔಷಧವು ಬಳಕೆಗೆ ಬಂದು ಹದಿನಾಲ್ಕು ವರ್ಷಗಳು ಕಳೆದಿದ್ದವು. ಆತ್ಮಹತ್ಯೆಯ ವಿಚಾರವು ಇನ್ನೂ ನಿಧಾನವಾಗಿ ಬಂದಿತು. ಆತ್ಮಹತ್ಯೆಯ ಆಲೋಚನೆಗಳನ್ನು ಪತ್ರದಲ್ಲಿ ನಮೂದಿಸುವಂತೆ ಅಮೆರಿಕದ ಔಷಧಾಡಳಿತವು ೨೦೨೨ರಲ್ಲಿ ವಿಧಿಸಿತು. ೨೦೨೫ರ ಮೇ ತಿಂಗಳಿನಲ್ಲಿ ಯೂರೋಪಿನ ಸುರಕ್ಷಾಸಮಿತಿಯು ಫಿನಾಸ್ಟರೈಡ್ ಗುಳಿಗೆಗಳಿಗೆ ಅದು ಅಡ್ಡಪರಿಣಾಮವೆಂದು ದೃಢಪಡಿಸಿತು. ನೆತ್ತಿಗೆ ಹಚ್ಚುವ ಫಿನಾಸ್ಟರೈಡ್ ಮಿಶ್ರಣಗಳನ್ನು ಬಳಸಿದವರಲ್ಲಿಯೂ ಇಂತಹ ದೂರುಗಳು ಬಂದುದನ್ನು ಅದೇ ವರ್ಷ ಅಮೆರಿಕದವರು ಜನರ ಗಮನಕ್ಕೆ ತಂದರು.

ನ್ಯಾಯದ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ೨೦೦೭ರಲ್ಲಿ ಇಟಲಿಯ ವೈದ್ಯರು ಪ್ರಾಸ್ಟೇಟ್ ಊತದ ರೋಗಿಗಳಿಗೆ ಇದೇ ಔಷಧವನ್ನು ಕೊಡುವಾಗ, ಒಂದು ಗುಂಪಿಗೆ ಕಾಮಸಂಬಂಧದ ಅಡ್ಡಪರಿಣಾಮಗಳುಂಟೆಂದು ಹೇಳಿದರು, ಮತ್ತೊಂದಕ್ಕೆ ಹೇಳಲಿಲ್ಲ. ಕೇಳಿದವರಲ್ಲಿ ನೂರಕ್ಕೆ ೪೩.೬ ಮಂದಿಯೂ ಕೇಳದವರಲ್ಲಿ ೧೫.೩ ಮಂದಿಯೂ ಅಂತಹ ತೊಂದರೆಯನ್ನು ವರದಿಮಾಡಿದರು. ಭಯವೇ ಅರ್ಧ ರೋಗವೆಂಬುದಕ್ಕೆ ಇದಕ್ಕಿಂತ ಪ್ರಮಾಣವು ಬೇಕಿಲ್ಲ. ಹಾಗಾದರೆ ದೋಷಗಳನ್ನು ಹೇಳದಿರುವುದೇ ಮೇಲೆಂದು ಕೆಲವರು ವಾದಿಸಬಹುದು. ನಮಗೆ ಅದು ಸಮ್ಮತವಲ್ಲ. ಕೇಳದವರಲ್ಲಿಯೂ ನೂರಕ್ಕೆ ಹದಿನೈದು ಮಂದಿಗೆ ತೊಂದರೆಯು ತೋರಿತೆಂಬುದನ್ನು ಮರೆಯಲಾಗದು. ಅಲ್ಲದೆ, ಮುಂಚಿತವಾಗಿ ಕೇಳಿರದವನಿಗೆ ತೊಂದರೆಯು ನಿಜವಾಗಿಯೂ ಬಂದಾಗ, ಅದು ಗುಳಿಗೆಯಿಂದ ಬಂದುದೆಂದು ಅವನಿಗೆ ತೋಚುವುದಿಲ್ಲ. ತನ್ನಲ್ಲಿಯೇ ಏನೋ ಕುಂದುಂಟೆಂದು ಅವನು ಕೊರಗುವನು. ಬಹುಮಂದಿಗೆ ಈ ಔಷಧವು ಬಾಧಕವಾಗುವುದಿಲ್ಲವೆಂಬುದು ಸತ್ಯ. ಕೆಲವರಿಗೆ ಬಾಧಕವಾಗುವುದೆಂಬುದೂ ಸತ್ಯ. ಎರಡು ಸತ್ಯಗಳನ್ನೂ ಸಮನಾದ ಧ್ವನಿಯಲ್ಲಿ ಹೇಳುವುದೇ ವೈದ್ಯನ ಧರ್ಮವು.

ಇತರ ಬೆಲೆಗಳೂ ಉಂಟು. ಗರ್ಭದಲ್ಲಿಯ ಗಂಡುಶಿಶುವಿನ ಅಂಗಗಳು ಸರಿಯಾಗಿ ಬೆಳೆಯಲು ಡೈಹೈಡ್ರೊಟೆಸ್ಟಾಸ್ಟಿರೋನ್ ಅವಶ್ಯಕವಾದುದರಿಂದ, ಗರ್ಭಿಣಿಯರು ಒಡೆದ ಫಿನಾಸ್ಟರೈಡ್ ಗುಳಿಗೆಯನ್ನು ಮುಟ್ಟಲೂ ಬಾರದು. ಡೊಮಿನಿಕನ್ ಹಳ್ಳಿಯ ಮಕ್ಕಳ ಕಥೆಯೇ ಇದಕ್ಕೆ ಕಾರಣವನ್ನು ಹೇಳುತ್ತದೆ. ಇದನ್ನು ಸೇವಿಸುವವರು ಸೇವನೆಯಲ್ಲಿರುವಾಗಲೂ ಬಿಟ್ಟ ಬಳಿಕ ಕೆಲವು ಕಾಲವೂ ರಕ್ತದಾನಮಾಡಬಾರದೆಂದಿರುವುದೂ ಇದೇ ಕಾರಣದಿಂದ. ಪ್ರಾಸ್ಟೇಟ್ ಕ್ಯಾನ್ಸರನ್ನು ಶೋಧಿಸುವ ರಕ್ತಪರೀಕ್ಷೆಯ ಸಂಖ್ಯೆಯನ್ನು ಇದು ಸುಮಾರು ಅರ್ಧಕ್ಕಿಳಿಸುವುದರಿಂದ, ಗುಳಿಗೆಯ ವಿಚಾರವನ್ನು ತಿಳಿಸದೆ ಪರೀಕ್ಷೆಗೆ ಹೋದ ವಯಸ್ಸಾದವನು ಮೋಸಹೋಗಬಹುದು. ಸ್ತ್ರೀಯರಿಗೆ ಕೆಲವು ವೈದ್ಯರು ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಮೂಲತಃ ಮೂತ್ರವನ್ನು ಹೆಚ್ಚಿಸಿ ಒತ್ತಡವನ್ನು ಇಳಿಸುವ ಔಷಧವೇ. ಅದರಿಂದ ಮುಟ್ಟು ಏರುಪೇರಾಗುವುದು, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುವುದು ಉಂಟು. ಗರ್ಭಕಾಲದಲ್ಲಿ ಅದೂ ವರ್ಜ್ಯ.

ಔಷಧ ಬೇಡವೆಂದು ಶಸ್ತ್ರವನ್ನು ನಂಬಿದವರ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಕೂದಲುಳ್ಳ ಚರ್ಮದ ಸಣ್ಣ ತುಣುಕುಗಳನ್ನು ಬೋಳಾದೆಡೆಯಲ್ಲಿ ನೆಡುವ ಕ್ರಮವನ್ನು ಜಪಾನಿನ ಓಕುಡ ಎಂಬ ವೈದ್ಯನು ೧೯೩೯ರಲ್ಲಿ ಪ್ರಕಟಿಸಿದನು. ಯುದ್ಧದ ಗಲಭೆಯಲ್ಲಿ ಅದು ಪಶ್ಚಿಮಕ್ಕೆ ತಿಳಿಯಲಿಲ್ಲ. ೧೯೫೨ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಅದನ್ನು ಸ್ವತಂತ್ರವಾಗಿ ಮಾಡಿ, ಹಿಂತಲೆಯಿಂದ ತೆಗೆದು ನೆಟ್ಟ ಕೂದಲು ಹೊಸ ಸ್ಥಳದಲ್ಲಿಯೂ ತನ್ನ ಮೂಲಸ್ವಭಾವವನ್ನೇ ಉಳಿಸಿಕೊಳ್ಳುವುದೆಂದು ೧೯೫೯ರಲ್ಲಿ ಪ್ರಕಟಿಸಿದನು. ಇದು ನಿಜವಾದ ಲಾಭ. ಆದರೆ ನೈಜವಾದ ಕೂದಲಿನ ಬದಲು ಕೃತಕವಾದ ಎಳೆಗಳನ್ನು ನೆಡಲು ಹೋದವರು ಸೋಂಕು, ಕೀವು, ಕಲೆಗಳನ್ನು ಅನುಭವಿಸಿದುದರಿಂದ ೧೯೮೩ರಲ್ಲಿ ಅಮೆರಿಕವು ಅದನ್ನು ನಿಷೇಧಿಸಬೇಕಾಯಿತು. ನಮ್ಮ ದೇಶದ ಚೆನ್ನೈ ನಗರದಲ್ಲಿ ೨೦೧೬ರಲ್ಲಿ, ತಾನೇ ವೈದ್ಯವಿದ್ಯಾರ್ಥಿಯಾಗಿದ್ದ ತರುಣನೊಬ್ಬನು ಕೂದಲು ನೆಡಿಸಿಕೊಂಡ ಸ್ವಲ್ಪಕಾಲದಲ್ಲಿಯೇ ಪ್ರಾಣಬಿಟ್ಟನು. ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಈ ಶಸ್ತ್ರಕ್ರಿಯೆಯನ್ನು ಚಲಚ್ಚಿತ್ರಗಳನ್ನು ನೋಡಿ ಕಲಿಯತಕ್ಕದ್ದಲ್ಲ, ವಿಧಿವತ್ತಾದ ಶಿಕ್ಷಣ ಪಡೆದವರೇ ಮಾಡತಕ್ಕದ್ದು ಎಂದು ಹೇಳಬೇಕಾಯಿತೆಂಬುದೇ ಸ್ಥಿತಿಯನ್ನು ಸೂಚಿಸುತ್ತದೆ.

ನಮ್ಮ ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೪೫ರ ಔಷಧನಿಯಮಗಳ 'ಜೆ' ಅನುಸೂಚಿಯಲ್ಲಿ, ಗುಣಪಡಿಸುವೆವೆಂದು ಯಾವ ಔಷಧವೂ ಹೇಳಿಕೊಳ್ಳಕೂಡದ ವ್ಯಾಧಿಗಳನ್ನು ಪಟ್ಟಿಮಾಡಿದೆ. ಕ್ಯಾನ್ಸರು, ಕುರುಡು ಇವುಗಳ ಸಾಲಿನಲ್ಲಿ ಬೋಳುತಲೆಯೂ ಇದೆ. ಹೊಸ ಕೂದಲು ಬೆಳೆಯಿಸುವೆವೆಂಬ ಮಾತೂ ಅಲ್ಲಿ ಸೇರಿದೆ. ಸುಶ್ರುತನು ಕ್ಷುದ್ರವೆಂದುದನ್ನು ಶಾಸನಕಾರರು ಮಹಾರೋಗಗಳ ನಡುವೆ ಕೂರಿಸಲು ಕಾರಣವೇನೆಂದರೆ, ಈ ವ್ಯಾಧಿಯಿಂದ ಸಾಯುವವರಿಲ್ಲದಿದ್ದರೂ ಇದರ ಹೆಸರಿನಲ್ಲಿ ಮೋಸಹೋಗುವವರು ಬಹಳ.

ಬಹುಕಾಲ ಬಾಲಕರಿಗೆ ಪಾಠ ಹೇಳಿದ ನಮಗೆ ಅವರು ಬೆಳೆದ ಮೇಲೂ ಅವರ ಸುಖದುಃಖಗಳು ಕಿವಿಗೆ ಬೀಳುವುದುಂಟು. ಇಪ್ಪತ್ತೈದು ದಾಟದ ಹುಡುಗನಿಗೆ ಹೆಣ್ಣು ನೋಡಲು ಹೊರಟಾಗ ಬಂಧುಗಳು ಮೊದಲು ಆಡುವ ಮಾತು ಅವನ ತಲೆಯ ವಿಚಾರ. ಅವನು ಯಾರಿಗೂ ಹೇಳದೆ ಗುಳಿಗೆಯನ್ನು ತರಿಸಿಕೊಳ್ಳುವನು. ತೊಂದರೆಯಾದರೆ ತಂದೆಯ ಮುಂದೆ ಹೇಳಲಾರನು, ತಾಯಿಯ ಮುಂದೆ ಹೇಳುವ ಮಾತೇ ಅಲ್ಲ, ಮದುವೆಯಾದವನಾದರೆ ಹೆಂಡತಿಯ ಮುಂದೆಯೂ ನಾಚುವನು. ಈ ಔಷಧದ ಅಡ್ಡಪರಿಣಾಮಗಳು ಪೂರ್ಣವಾಗಿ ಬರಹಕ್ಕೆ ಬರಲು ಇಷ್ಟು ವರ್ಷಗಳು ಹಿಡಿದುದಕ್ಕೆ ಇಂತಹ ಮೌನವೂ ಒಂದು ಕಾರಣವಾಗಿದ್ದೀತು. ಹುಡುಗನ ತಲೆಯನ್ನು ನೋಡಿ ನಗುವ ಮನೆಯು ಅವನನ್ನು ಗುಟ್ಟಿನ ಔಷಧಕ್ಕೆ ನೂಕುತ್ತದೆಂಬುದನ್ನು ಹಿರಿಯರು ತಿಳಿಯಬೇಕು. ಹಾಗೆಂದು ಔಷಧವನ್ನು ಸೇವಿಸುವವನನ್ನು ಹೀಯಾಳಿಸುವುದೂ ತಪ್ಪೇ. ತನ್ನ ರೂಪದ ಬಗೆಗೆ ಕಾತರಪಡುವುದು ಮನುಷ್ಯಸಹಜ.

ಚರಕನ ಅಳತೆಗೋಲಿಗೆ ಹಿಂದಿರುಗಿದರೆ, ಇಂದಿನ ಯಾವ ಔಷಧವೂ ಎಲ್ಲರ ಪಾಲಿಗೆ ಪೂರ್ಣ ಶುದ್ಧವಾದುದಲ್ಲ. ಬಹುಮಂದಿಗೆ ಶುದ್ಧ, ಕೆಲವರಿಗೆ ಅಶುದ್ಧ. ಆದುದರಿಂದ ಸೇವಿಸುವ ಮೊದಲು ಕೇಳತಕ್ಕ ಪ್ರಶ್ನೆಗಳಿವೆ. ಇದು ನಿಜವಾಗಿಯೂ ಖಾಲಿತ್ಯವೇ, ಅಥವಾ ಜ್ವರ, ರಕ್ತಹೀನತೆ, ಥೈರಾಯ್ಡ್ ಮೊದಲಾದವುಗಳಿಂದ ಉದುರುವುದೇ? ಔಷಧವು ಎಷ್ಟು ಕಾಲ ಬೇಕು, ಬಿಟ್ಟರೆ ಏನಾಗುವುದು? ಯಾವ ಲಕ್ಷಣವು ಕಂಡರೆ ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು? ಮನಸ್ಸು ಮೊದಲಿನಿಂದಲೇ ಕುಗ್ಗಿದ್ದರೆ ಇದು ತಕ್ಕುದೇ? ಮನೆಯಲ್ಲಿ ಕೂಸೋ ಗರ್ಭಿಣಿಯೋ ಇದ್ದರೆ ಎಚ್ಚರವೇನು? ಇವುಗಳಿಗೆ ನೇರವಾಗಿ ಉತ್ತರ ಕೊಡುವವನ ಕೈಯಿಂದಲೇ ಔಷಧವನ್ನು ಪಡೆಯಬೇಕು. ಕೊಡದವನ ಕೈಯಿಂದ ಎಣ್ಣೆಯನ್ನೂ ಕೊಳ್ಳಬಾರದು.

ಭರ್ತೃಹರಿಯ ನೀತಿಶತಕದಲ್ಲಿ ಒಬ್ಬ ಬೋಳುತಲೆಯವನು ಬರುವನು. ಬಿಸಿಲಿನ ಬೇಗೆಯನ್ನು ತಾಳಲಾರದೆ ಅವನು ಮರದ ನೆರಳನ್ನು ಸೇರಲು, ಮೇಲಿನಿಂದ ದೊಡ್ಡ ಹಣ್ಣೊಂದು ಬಿದ್ದು ಅವನ ತಲೆಯು ಒಡೆಯಿತು. ಕವಿಯು ಇದನ್ನು ವಿಧಿಯ ಮೇಲೆ ಹೊರಿಸಿದನು. ಬಿಸಿಲಿನಲ್ಲಿ ನಿಂತವನು ನೆರಳನ್ನು ಬಯಸಿದುದು ತಪ್ಪಲ್ಲ. ಆದರೆ ಯಾವ ಮರದಲ್ಲಿ ಎಂತಹ ಹಣ್ಣುಂಟೆಂಬುದು ಭರ್ತೃಹರಿಯ ಕಾಲದ ಆ ಬಡಪಾಯಿಗೆ ತಿಳಿದಿರಲಿಲ್ಲ. ನಮಗೆ ಅದು ತಡವಾಗಿಯಾದರೂ ಬರಹದಲ್ಲಿ ದೊರೆತಿದೆ. ನೆರಳಿಗೆ ಹೋಗುವ ಮೊದಲು ಅದನ್ನು ಓದಿಕೊಳ್ಳುವುದು ನಮ್ಮ ಕೈಯಲ್ಲಿದೆ.